ಕೋಡುಬಳೆ ಮತ್ತು ಯುದ್ಧನೌಕೆ

ಈ ಸಲದ ನವರಾತ್ರಿಗೆ ನಮ್ಮ ಯಜಮಾನರು ಒಂದು ಯುದ್ಧನೌಕೆ ಕಟ್ಟಿದರು. ರಟ್ಟು, ಥರ್ಮೋಕೋಲು, ಬೂದುಬಣ್ಣದ ಪೇಂಟು, ಮೇಲೆ ಸಾಲಾಗಿ ಪುಟ್ಟ ವಿಮಾನಗಳು, ತುದಿಯಲ್ಲಿ ಬ್ಯಾಟರಿ ಹಾಕಿದರೆ ಗಿರಗಿರನೆ ತಿರುಗುವ ರಾಡಾರು. ಗೌರಿ ಹಬ್ಬ ಮುಗಿದಾಗ ಶುರುವಾದ ಕೆಲಸ ಮಹಾಲಯ ಅಮಾವಾಸ್ಯೆಯವರೆಗೂ ನಡೆಯಿತು. ಅಷ್ಟು ದಿನವೂ ಊಟದ ಮೇಜು ಅವರ ಹಡಗುಕಟ್ಟೆ. ನಾವಿಬ್ಬರೂ ತಟ್ಟೆ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಊಟ ಮಾಡುತ್ತಿದ್ದೆವು. ನಿವೃತ್ತನಾದ ಗಂಡಸಿಗೆ ಕೈತುಂಬ ಕೆಲಸ ಸಿಕ್ಕರೆ ಮನೆಗೆ ಕ್ಷೇಮ ಎಂದುಕೊಂಡು ನಾನು ಸುಮ್ಮನಿದ್ದೆ.

ಪಾಡ್ಯದ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಆ ನೌಕೆ ನನ್ನ ಗೊಂಬೆಗಳ ನಡುವಿನ ಮೆಟ್ಟಿಲನ್ನು ಪೂರ್ತಿ ಆಕ್ರಮಿಸಿಕೊಂಡು ಕೂತಿದೆ. ಅಲ್ಲಿ ಮೊದಲಿಂದಲೂ ಶೆಟ್ಟರ ಅಂಗಡಿ ಇರುತ್ತಿತ್ತು. ಹುಡುಕಿದರೆ ಶೆಟ್ಟರು, ಶೆಟ್ಟಮ್ಮ, ಅವರ ಮುಂದಿನ ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿಯ ಪುಟ್ಟ ಬಟ್ಟಲುಗಳು ಎಲ್ಲವೂ ಬಾಗಿಲ ಹಿಂದೆ ಚಪ್ಪಲಿ ಸ್ಟ್ಯಾಂಡಿನ ಮೇಲಿವೆ. ಆ ಮಣ್ಣಿನ ದಂಪತಿ ನನ್ನ ಅಜ್ಜಿಯ ಕಾಲದವರು. ಬಸವನಗುಡಿಯ ತವರುಮನೆಯಿಂದ ಪಟ್ಟದ ರಾಜ-ರಾಣಿಯ ಜೊತೆಯಲ್ಲೇ ನನ್ನೊಂದಿಗೆ ಬಂದವರು. ಅವರನ್ನು ಚಪ್ಪಲಿಗಳ ಮೇಲೆ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮವರ ಹೆಸರು ಅನಂತರಾಮು. ರಾಡಾರು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು. ನಾನು ವಾರಿಜಾ, ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೊನೆಯವರೆಗೂ ಅರ್ಥಶಾಸ್ತ್ರ ಪಾಠ ಮಾಡಿದವಳು. ಆದರೆ ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿಗೆ ಅಂಟಿಕೊಂಡಿರುವ ನಮ್ಮ ರಸ್ತೆಯಲ್ಲಿ ಅರ್ಥಶಾಸ್ತ್ರಜ್ಞ ಎಂದರೆ ಅವರೇ. ದಿನಾ ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಜಗತ್ತಿನ ಹಣಕಾಸು ಬಿಡಿಸಿ ಹೇಳುತ್ತಾರೆ. ಅವರ ಸಿದ್ಧಾಂತ ಬಹಳ ಸುಲಭದ್ದು: ಯಾವ ದೇಶದ ಹಡಗು ಸಮುದ್ರದಲ್ಲಿ ನಿಂತಿದೆಯೋ ಆ ದೇಶದ ದುಡ್ಡಿಗೆ ಬೆಲೆ, ಹಡಗು ಇರುವ ತನಕ ಲೋಕದ ವ್ಯಾಪಾರ ಅದರ ಕಾಲಡಿ. ಈ ವರ್ಷ ದೊಡ್ಡ ದೇಶಗಳ ಸುಂಕದ ಸುದ್ದಿ ಶುರುವಾದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. ನಾನು ಒಂದೆರಡು ಸಲ ಮಧ್ಯೆ ಬಾಯಿ ಹಾಕಿದ್ದುಂಟು. ಮೇಡಂ ಥಿಯರಿ ಹೇಳ್ತಾರೆ ಎಂದು ಅವರು ನಕ್ಕರು, ಬೆಂಚಿನವರೂ ನಕ್ಕರು. ಅಂದಿನಿಂದ ನಾನು ಪಾರ್ಕು ಬಿಟ್ಟು ತಾರಸಿಯ ಮೇಲೆ ವಾಕಿಂಗ್ ಮಾಡುತ್ತೇನೆ.

ನನಗೆ ಉಳಿದಿದ್ದ ಒಂದೇ ಜಾಗ ನವರಾತ್ರಿ. ನಮ್ಮ ರಸ್ತೆಯಲ್ಲಿ ನವರಾತ್ರಿ ಎಂದರೆ ವಾರಿಜಾ ಆಂಟಿ ಮನೆ, ಇದರಲ್ಲಿ ಯಾರ ತಕರಾರೂ ಇರಲಿಲ್ಲ. ಸಂಜೆಯಾದರೆ ಮಕ್ಕಳು ಚೀಲ, ಡಬ್ಬಿ ಹಿಡಿದು ಗೊಂಬೆ ಕೂರ್ಸಿದೀರಾ ಎಂದು ಮನೆಮನೆಗೂ ಹೋಗುತ್ತವೆ. ಗೊಂಬೆ ನೋಡಿದವರ ಕೈಗೆ ಏನಾದರೂ ತಿಂಡಿ ಕೊಡಬೇಕು, ಅದಕ್ಕೆ ಚರ್ಪು ಎನ್ನುತ್ತೇವೆ. ನಮ್ಮ ಮನೆಯ ಚರ್ಪು ಕೋಡುಬಳೆ. ಬೇರೆ ಮನೆಗಳಲ್ಲಿ ಉಸಲಿ, ರವೆ ಉಂಡೆ, ಅಂಗಡಿಯ ಬಿಸ್ಕತ್ತು. ಗಿರಿನಗರದ ಕಡೆಯಿಂದಲೂ ಮಕ್ಕಳು ನಡೆದುಕೊಂಡು ಬರುತ್ತಿದ್ದವು.

ನಾನಿನ್ನೂ ಕೆಲಸದಲ್ಲಿದ್ದಾಗ ಒಂದು ನವರಾತ್ರಿಯ ಸಂಜೆ ಕಿಟಕಿಯಿಂದ ಗಮನಿಸಿದೆ. ಗೇಟಿನ ಹೊರಗೆ ಮಕ್ಕಳು ವ್ಯಾಪಾರಕ್ಕೆ ಕೂತಿದ್ದವು. ನಮ್ಮ ಮನೆಯ ಒಂದು ಕೋಡುಬಳೆಗೆ ಎರಡು ರವೆ ಉಂಡೆ. ಖಾರ ತಿನ್ನಲಾರದ ಪುಟಾಣಿಗಳೂ ಅದನ್ನು ಇಸಿದುಕೊಂಡು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದವು, ಏಕೆಂದರೆ ಅದನ್ನು ಕೊಟ್ಟರೆ ಯಾರ ಹತ್ತಿರವಾದರೂ ಏನು ಬೇಕಾದರೂ ಸಿಗುತ್ತಿತ್ತು. ಮಾರನೆಯ ದಿನ ಕ್ಲಾಸಿನಲ್ಲಿ ಹೇಳಿದೆ: ಜಗತ್ತೆಲ್ಲ ಒಪ್ಪಿಕೊಂಡ ನಾಣ್ಯ ಎಂದರೆ ಇದು. ನಿಮಗೆ ಬೇಡದಿದ್ದರೂ ಇಟ್ಟುಕೊಳ್ಳುತ್ತೀರಿ, ಬೇರೆಯವರಿಗೆ ಬೇಕು ಎಂಬ ನಂಬಿಕೆಯಿಂದ. ಹುಡುಗಿಯರು ನಕ್ಕರು, ಆದರೆ ಪರೀಕ್ಷೆಯಲ್ಲಿ ಯಾರೂ ಆ ಪ್ರಶ್ನೆಗೆ ತಪ್ಪು ಬರೆಯಲಿಲ್ಲ.

ಹಾಗಾಗಿ ಪಾಡ್ಯದ ಆ ಬೆಳಿಗ್ಗೆ ಶೆಟ್ಟಿ ದಂಪತಿಯನ್ನು ಮಡಿಲಲ್ಲಿಟ್ಟುಕೊಂಡು ನಾನು ಜಗಳಕ್ಕೇ ಕೂತೆ. ಅಂಗಡಿಯನ್ನು ಎತ್ತಿಡಲು ಇವರಿಗೆ ಯಾರು ಹೇಳಿದ್ದು ಎಂದು ಕೇಳಿದೆ. ನಮ್ಮವರು ಶಾಂತವಾಗಿ ವಿವರಿಸಿದರು. ಈ ಸಲದ ವಿಷಯ ಲೋಕದ ಒಡೆತನವಂತೆ. ರಾಜ-ರಾಣಿಯ ಕೆಳಗೆ ಸೈನ್ಯ ಇರಬೇಕಂತೆ. ಅಂಗಡಿ ಎಲ್ಲಿಟ್ಟರೂ ನಡೆಯುತ್ತದಂತೆ. ಅಂಗಡಿಯಿಲ್ಲದೆ ಆ ಹಡಗಿಗೆ ಕಬ್ಬಿಣ ಎಲ್ಲಿಂದ ಬರುತ್ತದೆ ಎಂದೆ. ಹಡಗಿಲ್ಲದೆ ಅಂಗಡಿಯ ಬಾಗಿಲು ತೆರೆಯುವುದು ಹೇಗೆ ಎಂದರು. ನಾನು ಸೂಯೆಜ್ ಕಾಲುವೆಯ ಕಥೆ ತೆಗೆದೆ. ಬ್ರಿಟನ್ನಿನ ಸೈನ್ಯ ಅಲ್ಲಿ ಇಳಿದು ಮುಂದುವರಿಯುತ್ತಿರುವಾಗಲೇ ಇತ್ತ ಅದರ ಪೌಂಡಿನ ಬೆಲೆ ಜಾರತೊಡಗಿತು, ಸಾಲ ಕೊಡಬೇಕಾದ ಅಮೆರಿಕ ಕೈಕಟ್ಟಿ ಕೂತಿತು, ಗೆಲ್ಲುತ್ತಿದ್ದ ಸೈನ್ಯ ವಾಪಸ್ಸಾಯಿತು. ಹಡಗು ಕಡಿಮೆಯಾಗಿ ಸೋತದ್ದಲ್ಲ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮನೆಯಲ್ಲಿ ಹೇಳಿದ್ದು ಅದೇ ಮೊದಲು. ಅವರು ನನ್ನ ಮಡಿಲಿನ ಶೆಟ್ಟರನ್ನು ನೋಡಿ ಮುಗುಳ್ನಕ್ಕರು.

"ಥಿಯರಿ ಬಿಡು ವಾರಿಜಾ. ಜನ ನಮ್ಮನೆಗೆ ಬರೋದು ನಿನ್ನ ಕೋಡುಬಳೆಗಲ್ಲ, ಮನೆಗಿರೋ ಗತ್ತಿಗೆ. ಗತ್ತು ಇದ್ರೆ ಖಾಲಿ ತಟ್ಟೆ ಇಟ್ರೂ ಬರ್ತಾರೆ."

"ಹಾಗಾದ್ರೆ ಖಾಲಿ ತಟ್ಟೆ ಇಟ್ಟೇ ನೋಡೋಣ," ಎಂದೆ. "ಈ ಹಬ್ಬಕ್ಕೆ ನಾನು ಬಾಣಲೆ ಇಡಲ್ಲ."

ಬಾಯಿಂದ ಮಾತು ಬಿದ್ದ ಮೇಲೆ ಅಡುಗೆಮನೆ ನೆನಪಾಯಿತು. ಅಕ್ಕಿಹಿಟ್ಟು ಬೀಸಿಸಿ ಡಬ್ಬದಲ್ಲಿ ತುಂಬಿಟ್ಟಿದ್ದೆ. ಈ ರಸ್ತೆಯಲ್ಲಿ ನನಗಿದ್ದ ಒಂದೇ ಒಂದು ಹೆಸರನ್ನು ಪಣಕ್ಕೆ ಇಟ್ಟಾಗಿತ್ತು. ಆದರೂ ಮಾತು ಹಿಂತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ನೌಕೆಯನ್ನು ಅಲ್ಲೇ ಬಿಟ್ಟೆ. ಶೆಟ್ಟರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಿಕ್ಸಿಯ ಪಕ್ಕ ಕೂರಿಸಿದೆ.

ಅಂದು ಸಂಜೆ ಮಕ್ಕಳ ದಂಡೇ ಬಂತು. ಎಲ್ಲಕ್ಕೂ ಮುಂದೆ ಚೈತ್ರ. ಎದುರು ಸಾಲಿನ ಮುನಿಲಕ್ಷ್ಮಮ್ಮನ ಮೊಮ್ಮಗಳು, ರಸ್ತೆಯ ಮಕ್ಕಳಿಗೆಲ್ಲ ಅವಳೇ ನಾಯಕಿ. ನಮ್ಮವರು ದೀಪ ಆರಿಸಿ ರಾಡಾರು ತಿರುಗಿಸಿದರು. ಸಖತ್ ಎಂದವು ಮಕ್ಕಳು. ಆಮೇಲೆ ಎಲ್ಲವೂ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಾ ನಿಂತವು. ನಾನು ಬಾಗಿಲಿಗೆ ಒರಗಿ, ಈ ಸಲ ಹಡಗೇ ಚರ್ಪು ಎಂದೆ. ಚೈತ್ರ ತನ್ನ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಥ್ಯಾಂಕ್ಯೂ ಅಂಕಲ್ ಎಂದು ಹೊರಟಳು. ಆ ಚೀಲ ಮಡಿಸುವುದನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಮಾರನೆಯ ಸಂಜೆ ಬಂದವರು ನಾಲ್ಕಾರು ಮಕ್ಕಳು. ಅದರ ಮಾರನೆಯ ಸಂಜೆ ರಾಡಾರು ತನ್ನಷ್ಟಕ್ಕೆ ತಾನೇ ತಿರುಗಿತು. ನಮ್ಮವರು ಗೇಟಿನ ತನಕ ಹೋಗುವುದು, ಬರುವುದು. ಮಳೆ ಮೋಡ ಇದೆ, ಅದಕ್ಕೇ ಬಂದಿಲ್ಲ ಎಂದರು. ಆಕಾಶ ತೊಳೆದಿಟ್ಟ ಹಾಗಿತ್ತು.

ಆಗ ಅವರು ತಮ್ಮ ನಿಜವಾದ ಬಲ ಹೊರತೆಗೆದರು. ನಮ್ಮವರು ಬಡಾವಣೆಯ ಸಂಘದ ಕಾರ್ಯದರ್ಶಿ. ಪಾರ್ಕಿನಲ್ಲಿರುವ ಶಟಲ್ ಕೋರ್ಟಿನ ಕೀಲಿಕೈ ಅವರ ಬಳಿ ಇರುತ್ತದೆ. ಬಳಿ ಎಂದರೆ ಹತ್ತಿರದಲ್ಲಿ ಎಂದಲ್ಲ, ಹಳೆಯ ಕಾಲದವರಂತೆ ಜನಿವಾರಕ್ಕೇ ಕಟ್ಟಿಕೊಂಡಿರುತ್ತಾರೆ. ರಾತ್ರಿ ಮಗ್ಗುಲು ಬದಲಿಸಿದರೆ ಅದು ಕಿಣಿಕಿಣಿ ಎನ್ನುತ್ತದೆ. ಮರುದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ನವರಾತ್ರಿಯ ಸಾಂಸ್ಕೃತಿಕ ಪ್ರದರ್ಶನ ವೀಕ್ಷಿಸಿದ ಮಕ್ಕಳಿಗೆ ಮಾತ್ರ ದಸರಾ ರಜೆಯಲ್ಲಿ ಕೋರ್ಟು ತೆರೆಯಲಾಗುವುದು.

ಸಂಜೆ ಗೇಟಿನ ಮುಂದೆ ಕ್ಯೂ ನಿಂತಿತು. ಹೌದು, ಕ್ಯೂ. ಮಕ್ಕಳು ರಾಕೆಟ್ ಹಿಡಿದುಕೊಂಡೇ ಬಂದವು. ಒಳಗೆ ಬಂದು ನೌಕೆಗೆ ಮುಖ ತೋರಿಸಿ, ಗೋಡೆಗೆ ಒರಗಿ ನಿಂತವು. ನಮ್ಮವರು ಪ್ರತಿ ವಿಮಾನದ ವೇಗ, ತೂಕ ಎಲ್ಲ ವಿವರಿಸಿದರು. ನಡುನಡುವೆ ನನ್ನ ಕಡೆ ಒಂದು ನೋಟ. ತಿಂಡಿಯಿಲ್ಲ, ಪ್ರೀತಿಯಿಲ್ಲ, ಬರೀ ಕೀಲಿಕೈ, ಆದರೂ ಮನೆ ತುಂಬಿದೆಯಲ್ಲ. ಇಷ್ಟು ವರ್ಷ ನಾನು ಹುಡುಗಿಯರಿಗೆ ಸುಳ್ಳು ಹೇಳಿಕೊಟ್ಟೆನೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಚೈತ್ರ ಕೈಯೆತ್ತಿದಳು.

"ಅಂಕಲ್, ಇಷ್ಟು ನೋಡಿದ್ರೆ ಸಾಕಾ? ಹೋಗ್ಬಹುದಾ?"

ನಮ್ಮವರಿಗೆ ಅದರಲ್ಲಿ ಏನೂ ಕೇಳಿಸಲಿಲ್ಲ. ನನಗೆ ಎಲ್ಲವೂ ಕೇಳಿಸಿತು. ಆ ರಾತ್ರಿ ಹೊಟ್ಟೆತುಂಬ ಊಟ ಮಾಡಿದೆ.

ಕ್ಯೂ ಇನ್ನೊಂದು ದಿನ ನಡೆಯಿತು. ಅದರ ನಂತರದ ಸಂಜೆ ಮನೆಯೂ ಖಾಲಿ, ಕೋರ್ಟೂ ಖಾಲಿ. ನಮ್ಮವರು ಕೋರ್ಟಿನ ಗೇಟು ತೆರೆದುಕೊಂಡು ಕಾಯುತ್ತಿದ್ದರು. ಮಕ್ಕಳ ಗಲಾಟೆ ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ತಾರಸಿ ಹತ್ತಿ ನೋಡಿದೆ. ಮುನಿಲಕ್ಷ್ಮಮ್ಮನ ಮನೆಯ ಗೇಟಿನಿಂದ ಎದುರಿನ ಹೊಂಗೆ ಮರಕ್ಕೆ ಒಂದು ಹಳೆಯ ಸೀರೆ ಕಟ್ಟಿದ್ದಾರೆ. ಅದೇ ನೆಟ್ಟು. ರಸ್ತೆಯೇ ಕೋರ್ಟು. ಬೈಕು ಬಂದರೆ ಸೀರೆ ಎತ್ತುತ್ತಾರೆ, ಹೋದ ಮೇಲೆ ಇಳಿಸುತ್ತಾರೆ.

ಮುನಿಲಕ್ಷ್ಮಮ್ಮನ ಬಗ್ಗೆ ಹೇಳಬೇಕು. ಈ ಬಡಾವಣೆ ಹುಟ್ಟುವ ಮೊದಲು ಇಲ್ಲಿದ್ದ ಹೊಲಗಳು ಅವರ ಮನೆತನದವು. ಆ ಶಟಲ್ ಕೋರ್ಟಿನ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಈಗ ಮೂರು ಮಹಡಿ, ಬಾಡಿಗೆ, ಕೆಳಗೆ ಮಗನ ಹಾರ್ಡ್‌ವೇರ್ ಅಂಗಡಿ. ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಈ ವರ್ಷ ಮೊಮ್ಮಗಳು ಹಟ ಮಾಡಿದ್ದರಿಂದ ಗಾಂಧಿಬಜಾರಿನಿಂದ ಒಂದು ಗಣಪತಿ, ಒಂದು ಲಕ್ಷ್ಮಿ ತಂದು, ಮಿಕ್ಕ ಮೆಟ್ಟಿಲುಗಳ ಮೇಲೆ ಒಳಕಲ್ಲು, ಕಾಳು ಅಳೆಯುವ ಬಳ್ಳ, ಸೇರು, ರಾಗಿಯ ರಾಶಿ ಇಟ್ಟಿದ್ದರಂತೆ. ಇದನ್ನು ಕೇಳಿ ನಾನು ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ಅವರ ಚರ್ಪು ನಿಪ್ಪಟ್ಟು.

ನಮ್ಮವರಿಗೆ ಕೋಪ ನೆತ್ತಿಗೇರಿತು. ರಸ್ತೆಯಲ್ಲಿ ಆಟವಾಡುವುದು ನಿಯಮಕ್ಕೆ ವಿರುದ್ಧ ಎಂದು ಸಂಘದ ನೋಟಿಸು ಹೊರಡಿಸುತ್ತೇನೆ, ಸೀರೆ ಬಿಚ್ಚಿಸುತ್ತೇನೆ ಎಂದು ಓಡಾಡಿದರು. ಬಿಚ್ಚಿಸಿದರೆ ಮಕ್ಕಳು ಪಕ್ಕದ ರಸ್ತೆಗೆ ಹೋಗುತ್ತವೆ ಎಂದೆ. ಅಲ್ಲೂ ಬಿಚ್ಚಿಸುತ್ತೇನೆ ಎಂದರು. ಎಷ್ಟು ರಸ್ತೆ ಕಾಯುತ್ತೀರಿ ಎಂದೆ. ಮೊಣಕಾಲು ನೋವಿನಲ್ಲಿ ಅವರಾಗಲೇ ಕುಂಟುತ್ತಿದ್ದರು.

ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು. ಹಿಂದೊಂದು ವರ್ಷ ಮೇನ್ ರೋಡಿನ ದೊಡ್ಡ ಹುಡುಗರು ಚಿಕ್ಕ ಮಕ್ಕಳ ಚರ್ಪಿನ ಚೀಲ ಕಿತ್ತುಕೊಂಡು ಓಡುತ್ತಿದ್ದರು. ಆಗ ನಮ್ಮವರೇ ಟಾರ್ಚು, ಕೋಲು ಹಿಡಿದು ತಿರುವಿನಲ್ಲಿ ನಿಂತರು, ಕಿತ್ತುಕೊಳ್ಳುವುದು ನಿಂತಿತು. ಅಂದು ಅವರ ಕೋಲಿನಿಂದ ನನ್ನ ಕೋಡುಬಳೆಯ ಬೆಲೆ ಉಳಿಯಿತು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ದಾರಿ ಕಾಯುವುದು ಬೇರೆ, ದಾರಿಗೆ ಬೀಗ ಹಾಕುವುದು ಬೇರೆ. ಕಾದವನಿಗೆ ಜನ ಋಣಿಯಾಗಿರುತ್ತಾರೆ. ಬೀಗ ಹಾಕಿದವನಿಗೆ ತಲೆಬಾಗಿ, ಅದೇ ಹೊತ್ತಿನಲ್ಲಿ ಬೇರೆ ದಾರಿ ಹುಡುಕುತ್ತಾರೆ. ಈ ಮಾತನ್ನು ಸರಸ್ವತಿ ಪೂಜೆಯ ದಿನ ಅವರಿಗೆ ಪೂರ್ತಿ ಹೇಳಿದೆ. ಅವರು ಪೇಪರು ಅಡ್ಡ ಹಿಡಿದರು.

ಆಯುಧಪೂಜೆಯ ಬೆಳಿಗ್ಗೆ ಸ್ಕೂಟರು ತೊಳೆದು, ಸ್ಪ್ಯಾನರು, ಸ್ಕ್ರೂಡ್ರೈವರು, ನನ್ನ ಈಳಿಗೆಮಣೆ, ಕತ್ತರಿ ಎಲ್ಲವನ್ನೂ ಹಾಸಿದ ಪಂಚೆಯ ಮೇಲೆ ಜೋಡಿಸಿದರು. ಕೊನೆಯಲ್ಲಿ ಜನಿವಾರದಿಂದ ಕೋರ್ಟಿನ ಕೀಲಿಕೈ ಬಿಚ್ಚಿ, ಎಲ್ಲದರ ಮಧ್ಯೆ ಇಟ್ಟು ಕುಂಕುಮ ಹಚ್ಚಿದರು. ಮಂಗಳಾರತಿಯಾಯಿತು. ನಾನು ಬಗ್ಗಿ ಆ ಕೀಲಿಕೈಯನ್ನು ಎತ್ತಿಕೊಂಡೆ.

"ಇಡು ಕೆಳಗೆ. ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಬಾರದು," ಎಂದರು.

"ಇದು ಆಯುಧ ಅಂತ ನೀವೇ ಒಪ್ಕೊಂಡ್ರಲ್ಲ," ಎಂದೆ. "ಮಕ್ಕಳು ಆಡೋ ಜಾಗದ ಕೀಲಿ ಆಯುಧ ಆಗೋಕೆ ನಾನು ಬಿಡಲ್ಲ. ಇಷ್ಟು ವರ್ಷ ನಿಮ್ಮ ಬೆಂಚಿನ ಮುಂದೆ ಬಾಯಿ ಮುಚ್ಕೊಂಡಿದ್ದೆ. ಇನ್ಮೇಲೆ ಆಗಲ್ಲ."

ಅವರು ಕೈ ಚಾಚಿದರು. ನಾನು ಕೊಡಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರು ಕೇಳಿದ್ದನ್ನು ನಾನು ಕೊಡದೆ ನಿಂತದ್ದು ಅಂದೇ. ಚಪ್ಪಲಿ ಮೆಟ್ಟಿ ಪಾರ್ಕಿಗೆ ಹೋಗಿ ಬೀಗ ತೆಗೆದು, ಬೀಗ ಕೀಲಿ ಎರಡನ್ನೂ ಕಂಬದ ಮೊಳೆಗೆ ನೇತುಹಾಕಿದೆ. ಕಲ್ಲುಬೆಂಚಿನವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಇನ್ನು ಇದಕ್ಕೆ ಬೀಗ ಇಲ್ಲ, ಬೇಕಾದವರು ಬಂದು ಆಡಬಹುದು ಎಂದು ಅವರಿಗೆ ಕೇಳುವ ಹಾಗೆ ಹೇಳಿ ಬಂದೆ.

ಮನೆಗೆ ಬಂದವಳೇ ಬಾಣಲೆ ಇಟ್ಟೆ. ವಾದ ಗೆದ್ದಾಗಿತ್ತು, ಪಣ ಮುಗಿದಿತ್ತು. ಮಧ್ಯಾಹ್ನವೆಲ್ಲ ಹೊಸೆದು, ಸುತ್ತಿ, ಕರಿದು ಎರಡು ದೊಡ್ಡ ಡಬ್ಬ ತುಂಬಿಸಿದೆ. ಸಂಜೆ ದೀಪ ಹಚ್ಚಿ ಬಾಗಿಲು ತೆರೆದು ಕಾದೆ. ಒಂದು ಮಗುವೂ ಬರಲಿಲ್ಲ. ಕೋಡುಬಳೆಯ ವಾಸನೆ ರಸ್ತೆಯ ತುದಿಯವರೆಗೂ ಹೋಗಿರಬೇಕು, ಆದರೂ ಬರಲಿಲ್ಲ. ಬೀಗ ತೆಗೆದ ಕೋರ್ಟೂ ಖಾಲಿಯಾಗಿಯೇ ಇತ್ತು. ನಮ್ಮವರು ಒಳಗಿನಿಂದ ನನ್ನನ್ನು ನೋಡುತ್ತಿದ್ದರು. ನಗಲಿಲ್ಲ, ಅಷ್ಟು ದೊಡ್ಡತನ ಅವರಿಗಿದೆ.

ಡಬ್ಬ ಎತ್ತಿಕೊಂಡು ಮುನಿಲಕ್ಷ್ಮಮ್ಮನ ಮನೆಗೆ ನಡೆದೆ. ಈ ರಸ್ತೆಗೆ ಬಂದ ಮೇಲೆ ನವರಾತ್ರಿಯಲ್ಲಿ ನಾನು ಇನ್ನೊಬ್ಬರ ಗೊಂಬೆ ನೋಡಲು ಹೋದದ್ದಿಲ್ಲ, ಎಲ್ಲರೂ ನನ್ನಲ್ಲಿಗೇ ಬರುತ್ತಿದ್ದರು. ಅವರ ಅಂಗಳದ ತುಂಬ ಮಕ್ಕಳು. ಮುನಿಲಕ್ಷ್ಮಮ್ಮ ಎದ್ದು ನಿಂತು, ನೀವು ಬರಲ್ಲ ಅನ್ಕೊಂಡಿದ್ದೆ ಮೇಡಮ್ನೋರೆ ಎಂದು ಮಣೆ ಹಾಕಿದರು. ಗಣಪತಿಯ ಪಕ್ಕದ ಒಳಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ನಾನು ಮೂಗು ಮುರಿದದ್ದಕ್ಕೆ ನಾಚಿಕೆಯಾಯಿತು.

ಅಂಗಳದಲ್ಲಿ ವ್ಯಾಪಾರ ನಡೆಯುತ್ತಿತ್ತು. ನಿಪ್ಪಟ್ಟು ಕೈಬದಲಾಗುತ್ತಿತ್ತು. ನಾನು ಡಬ್ಬದ ಮುಚ್ಚಳ ತೆಗೆದು, ಒಂದು ಕೋಡುಬಳೆ ಎತ್ತಿ ಹಿಡಿದು, ಇದಕ್ಕೆ ಏನು ಕೊಡುತ್ತೀ ಎಂದು ಚೈತ್ರಳನ್ನು ಕೇಳಿದೆ. ಅವಳು ಕೋಡುಬಳೆ ನೋಡಿದಳು, ನನ್ನ ಮುಖ ನೋಡಿದಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು.

"ಎರಡು ಕೋಡುಬಳೆಗೆ ಒಂದು ನಿಪ್ಪಟ್ಟು ಆಂಟಿ. ಈಗ ಯಾವ್ ತಿಂಡಿಗಾದ್ರೂ ರೇಟು ಹಂಗೇ ನಡೀತಿರೋದು."

ಎಷ್ಟೊಂದು ವರ್ಷ ಕಟ್ಟಿದ್ದು, ಒಂದು ಹಬ್ಬ ಮುಗಿಯುವಷ್ಟರಲ್ಲಿ ಹೋಯಿತು. ನಮ್ಮವರ ಬೀಗದಿಂದ ಹೋಯಿತು, ನನ್ನ ಹಟದಿಂದಲೂ ಹೋಯಿತು. ಗತ್ತು ಸಾಲದು ಎಂದು ತೋರಿಸಲು ಹೋಗಿ, ನನ್ನ ಹೆಸರೂ ಸಾಲದು ಎಂದು ನಾನೇ ತೋರಿಸಿಕೊಟ್ಟಿದ್ದೆ. ಎರಡು ಕೋಡುಬಳೆ ಕೊಟ್ಟು ಒಂದು ನಿಪ್ಪಟ್ಟು ಇಸಿದುಕೊಂಡೆ. ಕಚ್ಚಿದೆ. ಹುರಿದ ಕಡಲೆಕಾಯಿ, ಎಳ್ಳು, ಕರಿಬೇವು, ಹದವಾದ ಗರಿಗರಿ. ಚೆನ್ನಾಗಿಲ್ಲ ಎನ್ನುವ ಹಾಗೆಯೇ ಇರಲಿಲ್ಲ.

"ಚೆನ್ನಾಗಿದೆ ಮುನಿಲಕ್ಷ್ಮಮ್ಮ," ಎಂದೆ. "ಆದ್ರೆ ಮುಂದಿನ ವರ್ಷ ನಾನು ವಾಪಸ್ ತಗೊಳ್ತೀನಿ, ನೋಡ್ತಿರಿ. ಇದಕ್ಕಿಂತ ಚೆನ್ನಾಗಿ ಕರೀತೀನಿ."

"ತಗೊಳ್ಳಿ ಮೇಡಮ್ನೋರೆ," ಎಂದು ಅವರು ನಕ್ಕರು. "ನಾನೇನ್ ಬೀಗ ಹಾಕ್ಕೊಂಡ್ ಕೂತಿದೀನಾ?"

ವಿಜಯದಶಮಿಯ ಸಂಜೆ ಆರತಿ ಮಾಡಿ, ಪದ್ಧತಿಯಂತೆ ಪಟ್ಟದ ರಾಜ-ರಾಣಿಯನ್ನು ಮಲಗಿಸಿದೆ. ಆಮೇಲೆ ಅಡುಗೆಮನೆಯಿಂದ ಶೆಟ್ಟರನ್ನೂ ಶೆಟ್ಟಮ್ಮನನ್ನೂ ತಂದು, ಒಂದು ರಾತ್ರಿಯ ಮಟ್ಟಿಗಾದರೂ ಇರಲಿ ಎಂದು ಅವರ ಜಾಗದಲ್ಲೇ ಕೂರಿಸಲು ಹೋದೆ. ನಮ್ಮವರು ನೌಕೆಯನ್ನು ಎರಡೂ ಕೈಯಲ್ಲಿ ಎತ್ತಿ ಜಾಗ ಬಿಟ್ಟರು. ಅವರ ಜನಿವಾರದಲ್ಲಿ ಏನೂ ಕಿಣಿಕಿಣಿ ಎನ್ನಲಿಲ್ಲ. ಕೀಲಿಕೈ ಇನ್ನೂ ಪಾರ್ಕಿನ ಕಂಬದ ಮೇಲೇ ಇತ್ತು. ಬೆಳಿಗ್ಗೆ ವಾಕಿಂಗಿಗೆ ಹೋಗಿದ್ದಾಗಲೂ ನಮ್ಮವರು ಅದನ್ನು ತೆಗೆದುಕೊಂಡು ಬಂದಿರಲಿಲ್ಲ.

ಇದನ್ನು ಬಿಸಾಕಲಾ ಎಂದು ಕೇಳಿದರು. ಧ್ವನಿ ಸಣ್ಣದಾಗಿತ್ತು. ಅಷ್ಟು ದಿನ ಬೆನ್ನು ಬಗ್ಗಿಸಿ ಕಟ್ಟಿದ ಹಡಗು.

"ಯಾಕೆ ಬಿಸಾಕ್ತೀರಿ? ವಿಮಾನ ಕಿತ್ತು ಆ ಜಾಗದಲ್ಲಿ ಅಕ್ಕಿ ಮೂಟೆ ಇಡಿ. ಮುಂದಿನ ವರ್ಷ ಶೆಟ್ಟರ ಅಂಗಡಿ ಹಿಂದೆ ನಿಲ್ಲಿಸೋಣ. ಸಾಮಾನು ಬರೋದು ಬೇಡ್ವಾ?"

ಅವರು ನೌಕೆಯನ್ನು ಊಟದ ಮೇಜಿನ ಮೇಲಿಟ್ಟರು. ರಾಡಾರನ್ನು ಏನು ಮಾಡುವುದು ಎಂದರು.

"ರಾಡಾರು ಇರಲಿ," ಎಂದೆ. "ದಾರೀಲಿ ಚೀಲ ಕಿತ್ಕೊಳ್ಳೋರು ಬಂದ್ರೆ ಗೊತ್ತಾಗ್ಲಿ."

ನಮ್ಮವರು ಊಟದ ಮೇಜಿನ ಮುಂದೆ ಕೂತು ವಿಮಾನಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ನಾನು ಎದುರಿಗೆ ಕೂತು, ಮುನಿಲಕ್ಷ್ಮಮ್ಮ ಕಟ್ಟಿಕೊಟ್ಟಿದ್ದ ನಿಪ್ಪಟ್ಟನ್ನು ಮುರಿದು ಅದರಲ್ಲಿ ಏನೇನು ಹಾಕಿದ್ದಾರೆ ಎಂದು ನೋಡುತ್ತಿದ್ದೆ.